ಮಲಾಯಿ ಕುಲ್ಫಿಯೂ ಅವ್ವನ ಮೌನವೂ

ಮೊನ್ನೆ ಭಾನುವಾರ ಫ್ರಿಜ್ ತೊಳೆಯುವ ಕೆಲಸ ನನ್ನ ಪಾಲಿಗೆ ಬಂತು. ಬಂತು ಅನ್ನುವುದಕ್ಕಿಂತ, ನನ್ನ ಹೆಂಡತಿ ಸುವರ್ಣಾ ಅದನ್ನು ನನ್ನ ಪಾಲಿಗೆಂದೇ ಎತ್ತಿಟ್ಟಿದ್ದಳು. ಫ್ರೀಜರಿನ ತಳದಲ್ಲಿ ಕಲ್ಲಾಗಿ ಕೂತಿದ್ದ ಮಂಜುಗಡ್ಡೆಯನ್ನು ಚಮಚದ ಹಿಂಬದಿಯಿಂದ ಕುಟ್ಟುತ್ತಿದ್ದೆ. ಒಂದು ದೊಡ್ಡ ಹಳಕು ಕಿತ್ತು ಬಂದಾಗ ಅದರ ಹೊಟ್ಟೆಯಲ್ಲಿ ಒಂದು ಕುಲ್ಫಿ ಕಡ್ಡಿ ಕಾಣಿಸಿತು. ನಾನು ಜೇವರ್ಗಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವವನು. ಅಡಿಯಲ್ಲಿ ಹುಗಿದದ್ದು ಏನಾದರೂ ಹೊರಬಂದರೆ ಸುಮ್ಮನೆ ಎಸೆಯಲು ಕೈ ಬರುವುದಿಲ್ಲ. ಕಡ್ಡಿಯನ್ನು ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು, ಕಾಲನಿರ್ಣಯ ಮಾಡಿದೆ: ಹೋದ ವರ್ಷದ ಬೇಸಿಗೆ, ಮಗಳ ಸಂಬಂಧದ ಮಾತಿಗೆ ಅಫಜಲಪುರದವರು ಬಂದ ದಿನದ್ದು. ತಡೆಯಲಾಗದೆ ನಗು ಬಂತು.

"ಒಬ್ಬರೇ ಯಾಕ ನಗಾಕತ್ತೀರಿ?" ಎಂದಳು ಸುವರ್ಣಾ ಒಳಗಿನಿಂದ.

"ಏನಿಲ್ಲ, ಕೈಗೆ ಥಂಡಿ ಹತ್ತಿತು" ಎಂದೆ.

ಥಂಡಿ ಹತ್ತಿದರೆ ಯಾರೂ ನಗುವುದಿಲ್ಲವೆಂದು ಅವಳಿಗೂ ಗೊತ್ತು. ಆದರೆ ನಿಜವಾದ ಕಾರಣವನ್ನು ಅವಳಿಗೆ ಹೇಳುವ ಹಾಗಿಲ್ಲ. ನಿಮಗೆ ಹೇಳಬಹುದು, ನೀವು ನಮ್ಮ ಮನೆಗೆ ಬಂದು ಹೋಗುವವರಲ್ಲ.

ಕುಲ್ಫಿಯ ಹುಚ್ಚು ನನಗೆ ಆಳಂದದಿಂದ ಬಂದದ್ದು. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಬೇಸಿಗೆಯ ಮಧ್ಯಾಹ್ನ ನಾಯಿಗಳೂ ಗಟಾರದ ನೆರಳು ಹುಡುಕುವ ಹೊತ್ತಿಗೆ ನಮ್ಮ ಓಣಿಗೆ ಕುಲ್ಫಿಯ ಬಂಡಿ ಬರುತ್ತಿತ್ತು. ಬಂಡಿಯ ಮೇಲೆ ಒದ್ದೆ ಕೆಂಪು ಬಟ್ಟೆ ಸುತ್ತಿದ ದೊಡ್ಡ ಮಡಕೆ, ಅದರೊಳಗೆ ಉಪ್ಪು ಬೆರೆಸಿದ ಬರ್ಫ, ಬರ್ಫದೊಳಗೆ ಬಾಯಿಗೆ ಹಿಟ್ಟು ಮೆತ್ತಿದ ತಗಡಿನ ಕೊಳವೆಗಳು. ಬಂಡಿಯಾತ ಒಂದು ಕೊಳವೆ ಹೊರತೆಗೆದು, ಎರಡೂ ಅಂಗೈಗಳ ನಡುವೆ ಚಳಿ ಕಾಯಿಸುವವನಂತೆ ಉಜ್ಜಿ, ಕಡ್ಡಿ ಚುಚ್ಚಿ ಎಳೆದರೆ ಹಾಲಿನ ಬಣ್ಣದ ಕುಲ್ಫಿ ಹಾವಿನ ಮರಿಯಂತೆ ಜಾರಿ ಬರುತ್ತಿತ್ತು. ನಾವು ಹುಡುಗರು ಕೆಳಗೆ ಬಿದ್ದ ಬರ್ಫದ ಚೂರನ್ನೂ ಬಿಡದೆ ನೆಕ್ಕಿ, ಉಪ್ಪಿಗೆ ಮುಖ ಹಿಂಡಿ, ಮತ್ತೆ ನೆಕ್ಕುತ್ತಿದ್ದೆವು.

ಓಣಿಯ ಹೆಂಗಸರು ಬಂಡಿಯ ಹತ್ತಿರ ನಿಂತು ತಿನ್ನುವ ರೂಢಿ ಇರಲಿಲ್ಲ. ನಮ್ಮವ್ವ ನನ್ನ ಕೈಯಲ್ಲಿ ತರಿಸಿಕೊಂಡು, ಬಾಗಿಲ ಹಿಂದೆ ನಿಂತು, ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದಳು. ಅಪ್ಪ ಒಳಗೆ ಬಂದರೆ ಕುಲ್ಫಿ ಸಮೇತ ಕೈ ಸೆರಗಿನೊಳಗೆ ಹೋಗುತ್ತಿತ್ತು. "ಏನ್ ಮಾಡಾಕತ್ತೀ?" ಎಂದು ಅವರು ಕೇಳಿದರೆ, "ಗ್ವಾಡಿಗೆ ಇರಬಿ ಹತ್ಯಾವ, ನೋಡಾಕತ್ತೇನಿ" ಎನ್ನುತ್ತಿದ್ದಳು. ಇರುವೆ ಹತ್ತುವುದು ಖರೆಯೇ. ಅವಳು ನಿಂತು ಹೋದ ಮೇಲೆ ಹತ್ತುತ್ತಿದ್ದವು.

ಇಷ್ಟು ರಸಿಕತೆಯ ಹೊಟ್ಟೆಯಲ್ಲಿ ಹುಟ್ಟಿದ ನಾನು ಐವತ್ತು ದಾಟಿದ ಮೇಲೆ ಮನೆಯಲ್ಲೇ ಕುಲ್ಫಿ ಮಾಡಲು ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಫೋನಿನಲ್ಲಿ ನೋಡಿ ಕಲಿತೆ. ಮೊದಲ ಸಲದ್ದು ಗಾಜಿನ ಚೂರು ಜಗಿದಂತೆ ಕರಕರ ಎಂದಿತು. ಎರಡನೆಯ ಸಲ ಹಾಲು ತಳ ಹಿಡಿಯಿತು. ಅದು ಬೇಕೆಂದೇ ತಂದ ಹೊಗೆಯ ಪರಿಮಳ ಎಂದು ನಾನು ವಾದಿಸಿದೆ, ಯಾರೂ ಒಪ್ಪಲಿಲ್ಲ. ಆಮೇಲೆ ಗಟ್ಟಿಯಾಗಲೆಂದು ಮೆಕ್ಕೆಜೋಳದ ಹಿಟ್ಟು ಸುರಿದೆ. ಸುವರ್ಣಾ ಒಂದು ತುತ್ತು ತಿಂದು, "ಇದನ್ನ ಇಡ್ರಿ, ಇಲೆಕ್ಷನ್ ಟೈಮಿಗೆ ಪೋಸ್ಟರ್ ಹಚ್ಚಾಕ ಬರ್ತದ" ಎಂದಳು.

ಕಡೆಗೆ ದಾರಿ ತೋರಿಸಿದವಳು ಅವ್ವ. ಅಪ್ಪ ಹೋದ ಮೇಲೆ ಆಳಂದದ ಮನೆ ಬಿಟ್ಟು ನಮ್ಮ ಜೊತೆ ಜೇವರ್ಗಿಗೆ ಬಂದವಳು, ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹುಕುಂ ಕೊಡುತ್ತಿದ್ದಳು. "ಎಮ್ಮಿ ಹಾಲು ತಾ. ಉರಿ ಸಣ್ಣ ಮಾಡೋ. ಬದಿಗೆ ಹತ್ತಿದ ಕೆನಿ ಕೆರಕೊಂತ ಇರು, ಅದೇ ಜೀಂವಾ. ಸಕ್ರಿ ಕಡೀಕ ಹಾಕಬೇಕು. ಮ್ಯಾಲ ಜರಾ ಖೋವಾ ಪುಡಿ ಮಾಡಿ ಬಿಡು." ಹಾಲು ಅರ್ಧಕ್ಕಿಂತ ಕೆಳಗಿಳಿದು, ಬಾದಾಮಿಯ ಬಣ್ಣಕ್ಕೆ ತಿರುಗಿ, ಚಮಚದಿಂದ ಬೀಳುವಾಗ ನೂಲಿನಂತೆ ಮಡಚಿಕೊಳ್ಳಬೇಕು. ಪೂರಾ ಆರಬೇಕು. ಆಮೇಲೆ ಸಣ್ಣ ಸ್ಟೀಲ್ ಗ್ಲಾಸುಗಳಿಗೆ ಹೊಯ್ದು, ಬಾಯಿಗೆ ಬೆಳ್ಳಿ ಹಾಳೆ ಬಿಗಿದು, ನಡುವೆ ಕಡ್ಡಿ ಚುಚ್ಚಿ ಇಡಬೇಕು. ಅವಳು ಹೇಳಿದಂತೆ ಮಾಡಿದ ಕುಲ್ಫಿ ನಾಲಿಗೆಯ ಮೇಲೆ ಕೂತು, ಹೋಗಲೋ ಬೇಡವೋ ಎಂದು ಯೋಚಿಸಿ ಕರಗುತ್ತಿತ್ತು.

ಇಷ್ಟು ಕಲಿಸಿದ ಅವ್ವನಿಗೆ ಮಾತ್ರ ಅದನ್ನು ತಿನ್ನುವ ಹಾಗಿರಲಿಲ್ಲ. ಸಕ್ಕರೆ ಬೇನೆ. ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು, ಸುವರ್ಣಾ ಡಾಕ್ಟರಿಗಿಂತ ಕಟ್ಟುನಿಟ್ಟು. ತಲೆದಿಂಬಿನ ಕವರಿನೊಳಗೆ ಬೆಲ್ಲ ಸಿಕ್ಕ ದಿನ ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ಆಯಿತು. ಸುವರ್ಣಾ ಅತ್ತಳು. "ನಿಮಗ ಏನರ ಆದ್ರ ಮಂದಿ ನನಗ ಅಂತಾರ್ರಿ" ಎಂದಳು. ಅವ್ವ ಕರಗಿ, ಮೊಮ್ಮಗಳು ಭಾಗ್ಯಾಳ ತಲೆಯ ಮೇಲೆ ಕೈಯಿಟ್ಟು, "ಇನ್ನ ಮ್ಯಾಲ ಸಿಹಿ ಮುಟ್ಟಂಗಿಲ್ಲ" ಎಂದು ಆಣೆ ಮಾಡಿದಳು. ಸುವರ್ಣಾ ಅದನ್ನು ಪೂರ್ತಿ ನಂಬಿದಳು. ಆಣೆ ಮಾಡುವಾಗ ಅವ್ವನ ಕಣ್ಣು ಫ್ರಿಜ್ಜಿನ ಕಡೆ ಇದ್ದದ್ದನ್ನು ನಾನು ನೋಡಿದ್ದೆ.

ಅದೇ ದಿನಗಳಲ್ಲಿ ಅವಳಿಗೆ ಕಲಬುರಗಿಯಲ್ಲಿ ಹೊಸ ಹಲ್ಲಿನ ಸೆಟ್ಟು ಮಾಡಿಸಿದೆವು. ಕೆಳಗಿನ ಸಾಲು ಸರಿಯಾಗಿ ಕೂತಿತ್ತು. ಮೇಲಿನದು ಜರಾ ಸಡಿಲ. ಜೋರಾಗಿ ನಕ್ಕರೆ ಹಲ್ಲು ಒಂದು ಗಳಿಗೆ ತಡವಾಗಿ ನಗುತ್ತಿತ್ತು. ಆದರೂ ಹಾಕಿಕೊಂಡರೆ ಅವ್ವನಿಗೆ ರಾಣಿಯ ಗತ್ತು. ಹಲ್ಲಿಲ್ಲದೆ ಪರರ ಎದುರು ಬಾಯಿ ತೆರೆಯುವುದು ಅವಳ ಪಾಲಿಗೆ ಸೀರೆಯಿಲ್ಲದೆ ಬೀದಿಗಿಳಿದಂತೆ.

ಇನ್ನು ಸಂಬಂಧದ ವಿಷಯ. ಭಾಗ್ಯಾ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದಿ, ಯಡ್ರಾಮಿಯ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ಹುಡುಗ ಶರಣು ಅವಳ ಜೊತೆಗೇ ಓದಿದವನು; ಈಗ ಅಫಜಲಪುರದಲ್ಲಿ ತಮ್ಮ ಕಬ್ಬಿನ ಹೊಲ ನೋಡಿಕೊಂಡು, ಹನಿ ನೀರಾವರಿ ಸಾಮಾನಿನ ಅಂಗಡಿ ಇಟ್ಟಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿದ್ದು ನಮಗೆ ಗೊತ್ತಿತ್ತು, ಅವರ ಮನೆಯವರಿಗೂ ಗೊತ್ತಿತ್ತು. ಆದರೆ ಹಿರಿಯರು ಕೂತು ಮಾತಾಡಿದರೆ ಮರ್ಯಾದೆ ಎಂದು, ಎರಡೂ ಕಡೆಯವರು ಏನೂ ಗೊತ್ತಿಲ್ಲದವರಂತೆ ಒಂದು ದಿನ ಗೊತ್ತು ಮಾಡಿಕೊಂಡೆವು. ಹುಡುಗನ ತಾಯಿ ಫೋನಿನಲ್ಲಿ ನಮ್ಮವ್ವನ ಬಗ್ಗೆ ಒಂದೇ ಮಾತು ಹೇಳಿದ್ದರು: "ನಿಮ್ಮ ಮನ್ಯಾಗ ಹಿರೇರು ಆಯಿ ಅದಾರಂತ. ಅವರ ಬಾಯಿಂದ ಹೂಂ ಬಂದ್ರ ನಮಗ ಸಾಕು."

ಆ ಬಾಯಿಯೇ ಕೈಕೊಟ್ಟಿತು.

ಬೀಗರು ಬರುವ ಹಿಂದಿನ ದಿನ ನಾನು ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು, ನನ್ನ ಜನ್ಮದ ಅತ್ಯುತ್ತಮ ಕುಲ್ಫಿ ಕಾಯಿಸಿ, ಗ್ಲಾಸುಗಳಿಗೆ ತುಂಬಿ ಫ್ರೀಜರಿನಲ್ಲಿಟ್ಟೆ. ಊಟವಾಗಿ ಎಲ್ಲರೂ ಅಡ್ಡಾದೆವು. ಮುಂದಿನದನ್ನು ಅವ್ವನೇ ನನಗೆ ಆಮೇಲೆ ಹೇಳಿದಳು. ಅವಳು ಸದ್ದಿಲ್ಲದೆ ಎದ್ದು, ಫ್ರಿಜ್ ತೆರೆದು, ತನ್ನ ತಂಗಿ ಕಾಶೀಬಾಯಿಯ ಹೆಸರು ಕೊರೆದ ಗ್ಲಾಸನ್ನೇ ಆರಿಸಿ ತೆಗೆದಳಂತೆ. ತಂಗಿ ಉಡುಗೊರೆ ಕೊಟ್ಟ ಗ್ಲಾಸಿನಲ್ಲಿ ತಿಂದರೆ ಪಾಪ ಕಡಿಮೆ ಎಂದು ಲೆಕ್ಕ. ಕುಲ್ಫಿ ಅರ್ಧ ಕಟ್ಟಿತ್ತು, ನಡುವೆ ಇನ್ನೂ ಅಂಬಲಿಯಂತಿತ್ತು. ಹಾಳೆ, ಕಡ್ಡಿ ಸರಿಸಿ, ಗ್ಲಾಸಿಗೆ ಬಾಯಿಯಿಟ್ಟು, ಅಂಚಿನ ಗಟ್ಟಿ ಕೆನೆಗೆ ಹಲ್ಲು ಊರಿದಳು. ಥಂಡಿಗೆ ಹಲ್ಲು ಕೆನೆಗೆ ಕಚ್ಚಿಕೊಂಡವು. ಅದೇ ಹೊತ್ತಿಗೆ ಪಡಸಾಲೆಯಲ್ಲಿ ಸುವರ್ಣಾ ಕೆಮ್ಮಿದಳು. ಅವ್ವ ಬೆದರಿ ಬಾಯಿ ಹಿಂದೆಳೆದಳು. ಬಾಯಿ ಬಂತು, ಮೇಲಿನ ಸಾಲು ಬರಲಿಲ್ಲ. ಬುಳಕ್ಕನೆ ಗ್ಲಾಸಿನ ತಳಕ್ಕೆ ಇಳಿಯಿತು. ಬೆರಳು ಹಾಕಿ ತೆಗೆಯಲೂ ಪುರುಸೊತ್ತಿಲ್ಲ. ಗ್ಲಾಸಿಗೆ ಮತ್ತೆ ಹಾಳೆ ಮುಚ್ಚಿ, ಕಡ್ಡಿ ಚುಚ್ಚಿ, ಒಳಗೆ ತಳ್ಳಿ, ಸೆರಗು ಮುಖಕ್ಕೆ ಎಳೆದುಕೊಂಡು ಹೋಗಿ ಮಲಗಿಬಿಟ್ಟಳು.

ಅದಾದ ಮೇಲೆ ಸುವರ್ಣಾ ಅಡುಗೆಮನೆ ಬಿಟ್ಟು ಕದಲಲಿಲ್ಲ. ಹೂರಣ ರುಬ್ಬುವುದು, ಹಪ್ಪಳ ಕರಿಯುವುದು, ನಾಳಿನ ಪಲ್ಯಕ್ಕೆ ಸೊಪ್ಪು ಸೋಸುವುದು; ರಾತ್ರಿ ಮಲಗಿದ್ದೂ ಅಲ್ಲೇ ಚಾಪೆ ಹಾಸಿ. ಅವ್ವ ಹೊಸ್ತಿಲ ತನಕ ಬಂದು ಬಂದು ಹೋದಳು. ಮಾತಿಲ್ಲ. ರಾತ್ರಿ ಊಟಕ್ಕೂ ಬರದೆ ಹೊಟ್ಟೆ ತೋರಿಸಿ ಕೈಯಾಡಿಸಿದಳು. ಅವಳಿಗೆ ಈ ಸಂಬಂಧಕ್ಕೆ ಮನಸ್ಸಿಲ್ಲವೇನೋ ಎಂದು ನನ್ನೊಳಗೇ ಹುಳ ಹೊಕ್ಕಿತು.

ಮರುದಿನ ಬೆಳಿಗ್ಗೆ ನಾನು ಹೂವು ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಲೈಟ್ ಹೋಗಿತ್ತು. ಅವ್ವ ಬಾಗಿಲಲ್ಲೇ ನನ್ನ ತೋಳು ಹಿಡಿದು ತನ್ನ ಕೋಣೆಗೆ ಎಳೆದಳು. ಸೆರಗಿನ ಒಳಗಿನಿಂದ ಹೇಳಿದಳು: "ಹಲು ಕುಲ್ಪ್ಯಾಗ ಹೋಗ್ಯಾವೋ."

"ಹೌದವ್ವ, ಹಾಲು ಕುಲ್ಫ್ಯಾಗೇ ಹೋಗ್ಯಾವ. ಹಾಲಿಲ್ದ ಕುಲ್ಫಿ ಹ್ಯಾಂಗ ಆಗ್ತದ?"

"ಹಾಲ್ ಅಲೋ, ಹಲು! ಹಲು!"

"ಎಮ್ಮಿ ಹಾಲೇ ತಂದೀನಿ, ನೀ ಫಿಕರ್ ಮಾಡಬ್ಯಾಡ."

ಅವ್ವ ಸೆರಗು ಸರಿಸಿ ಬಾಯಿ ತೆರೆದು ತೋರಿಸಿದಳು. ಮೇಲಿನ ಸಾಲು ಖಾಲಿ. ನನ್ನ ಕೈಯಲ್ಲಿದ್ದ ಹೂವಿನ ಪೊಟ್ಟಣ ಕೆಳಗೆ ಬಿತ್ತು. ತಡವರಿಸುತ್ತ ಎಲ್ಲ ಹೇಳಿ ಮುಗಿಸಿ, ನನ್ನ ಗದ್ದ ಹಿಡಿದುಕೊಂಡಳು. "ಸುವರ್ಣಾಗ ಗೊತ್ತಾಗಬಾರ್ದೋ. ಕೂಸಿನ ತೆಲಿ ಮ್ಯಾಲ ಆಣಿ ಮಾಡೀನಿ. ಇವತ್ತ ಕೂಸಿನ ಒಳ್ಳೇ ದಿನ." ಅವಳ ಕಣ್ಣು ತುಂಬಿದ್ದವು. ನಗಬೇಕೆಂದಿದ್ದ ನಾನು ಬಗ್ಗಿ ಹೂವಿನ ಪೊಟ್ಟಣ ಎತ್ತಿಕೊಂಡೆ.

ಕಾಶೀಬಾಯಿ ಚಿಕ್ಕಮ್ಮನ ಹೆಸರಿನ ಗ್ಲಾಸು ಎತ್ತಿಕೊಂಡು ಬಂದರೆ ಮುಗಿಯಿತು ಎಂದು ಅಡುಗೆಮನೆಗೆ ಓಡಿದೆ. ಅಲ್ಲಿ ಎಲ್ಲ ಗ್ಲಾಸುಗಳೂ ತೊಳೆದು, ಬೋರಲು ಬಿದ್ದು, ಫಳಫಳ ಹೊಳೆಯುತ್ತಿದ್ದವು.

"ಲೈಟ್ ಹೋತು. ಕರಗ್ತಾವಂತ ಎಲ್ಲಾ ಗಲಾಸಿಂದ ಬಿಡಿಸಿ ಬರ್ಫದ ಡಬ್ಬ್ಯಾಗ ಇಟ್ಟೀನ್ರಿ. ಎಷ್ಟ ಚಂದ ಬಂದಾವ ನೋಡ್ರಿ" ಎಂದು ಸುವರ್ಣಾ ಡಬ್ಬಿಯ ಮುಚ್ಚಳ ತೆಗೆದಳು. ಎಲ್ಲ ಕುಲ್ಫಿಗಳೂ ಒಂದೇ ಬಣ್ಣ, ಒಂದೇ ಆಕಾರ, ಒಂದೇ ತಾಯಿಯ ಮಕ್ಕಳಂತೆ ಮಲಗಿದ್ದವು. ಹಲ್ಲು ಯಾವುದರ ಹೊಟ್ಟೆಯಲ್ಲಿದೆಯೋ ದೇವರೇ ಬಲ್ಲ.

ಅವಳು ಸೀರೆ ಬದಲಿಸಲು ಹೋದ ಕೂಡಲೇ ಚೀಲ ಹೊಲಿಯುವ ದಬ್ಬಣ ತಂದು ಒಂದೊಂದಕ್ಕೇ ಚುಚ್ಚತೊಡಗಿದೆ. ಗಟ್ಟಿ ಹತ್ತಿದರೆ ಹಲ್ಲು ಎಂದು ನನ್ನ ಸಿದ್ಧಾಂತ. ಆದರೆ ಕಟ್ಟಿದ ಕುಲ್ಫಿ ಎಲ್ಲ ಕಡೆಯೂ ಗಟ್ಟಿಯೇ. ಬೆನ್ನ ಹಿಂದೆ ಬಳೆ ಸದ್ದಾಯಿತು.

"ಅದೇನ್ ಮಾಡಾಕತ್ತೀರಿ?"

"ಬರಾಬರ್ ಆಗ್ಯಾವೇನ್ ನೋಡಾಕತ್ತೇನಿ."

"ದಬ್ಬಣ ಹಚ್ಚಿ?"

ಅಷ್ಟರಲ್ಲಿ ಹೊರಗೆ ಕಾರಿನ ಹಾರ್ನ್ ಕೇಳಿತು.

ಬೀಗರು ಗಾಣಗಾಪುರದಲ್ಲಿ ದರ್ಶನ ಮುಗಿಸಿಕೊಂಡು ಪ್ರಸಾದದ ಸಮೇತ ಬಂದಿದ್ದರು. ಶರಣು, ಅವನ ತಂದೆ ತಾಯಿ, ಮತ್ತು ಅಜ್ಜ. ಎಲ್ಲರೂ ಮುತ್ಯಾ ಎಂದು ಕರೆಯುವ ಆ ಅಜ್ಜ ಬಿಳಿ ರುಮಾಲು ಸುತ್ತಿ, ಹಣೆಗೆ ವಿಭೂತಿ ಹಚ್ಚಿ, ಯಾರನ್ನೂ ಹೆಚ್ಚು ನೋಡದೆ ಎಲ್ಲವನ್ನೂ ನೋಡುವಂಥವರು. ಭಾಗ್ಯಾ ಚಹಾ ತಂದಳು. "ಮೊದಲ ಸಲ" ನೋಡುತ್ತಿರುವ ಹುಡುಗನಿಗೆ ಕೇಳದೆಯೇ ಸಕ್ಕರೆಯಿಲ್ಲದ ಕಪ್ಪು ಕೊಟ್ಟಳು. ಅವನು ಕೇಳದೆಯೇ ತೆಗೆದುಕೊಂಡ. ಎಲ್ಲ ಹಿರಿಯರೂ ಅದೇ ಗಳಿಗೆಗೆ ಫ್ಯಾನಿನ ಕಡೆ ನೋಡಿದೆವು. ಫ್ಯಾನು ತಿರುಗುತ್ತಿರಲಿಲ್ಲ.

ಅವ್ವ ಮೂಲೆಯ ಕುರ್ಚಿಯಲ್ಲಿ, ಮೂಗಿನ ತನಕ ಸೆರಗು ಹೊದ್ದು ಕೂತಿದ್ದಳು. ಹುಡುಗನ ತಾಯಿ ಕಾಲು ಮುಟ್ಟಿ, "ಆಯಿ, ಆರಾಮದೀರೇನ್ರಿ?" ಎಂದರು. ಅವ್ವ ತಲೆಯಾಡಿಸಿದಳು. "ಹುಡುಗ ನಿಮ್ಮ ಮನಸಿಗೆ ಬಂದಾನೇನ್ರಿ?" ಅವ್ವ ಮತ್ತೆ ತಲೆಯಾಡಿಸಿದಳು. ಸೆರಗಿನೊಳಗಿನ ತಲೆ ಹೂಂ ಅನ್ನುತ್ತಿದೆಯೋ ಊಹೂಂ ಅನ್ನುತ್ತಿದೆಯೋ ತಿಳಿಯಲಿಲ್ಲ. ಆ ತಾಯಿಯ ಮುಖ ಸಣ್ಣದಾಯಿತು. ಭಾಗ್ಯಾ ನನ್ನ ಮುಖ ನೋಡಿದಳು. ಅವಳ ಕಣ್ಣಿನಲ್ಲಿ ನೀರಿತ್ತು. ಆಯಿ ಯಾಕೆ ಹೀಗೆ ಮಾಡುತ್ತಿದ್ದಾಳೆ ಎಂಬ ಪ್ರಶ್ನೆಯಿತ್ತು.

ಆಗ ಸುವರ್ಣಾ ಕುಲ್ಫಿಯ ತಾಟು ಹಿಡಿದು ಬಂದಳು.

"ಇನ್ನಾ ಪೂರಾ ಆಗಿಲ್ರಿ, ಈಗ ಬ್ಯಾಡ" ಎಂದೆ. "ಬಿಸಲಾಗಿಂದ ಬಂದೀರಿ, ಥಂಡಿ ತಿಂದ್ರ ಗಂಟಲಾ ಹಿಡೀತದ" ಎಂದೆ. ಸುವರ್ಣಾ ಬೀಗರಿಗೆ ನಗು ತೋರಿಸುತ್ತಲೇ ನನಗೆ ಕಣ್ಣು ತೋರಿಸಿದಳು. ಎಲ್ಲರ ಕೈಗೂ ಕುಲ್ಫಿ ಬಂತು. ಹುಡುಗನ ತಾಯಿ ಕಚ್ಚಿದರು. ನಾನು ಕಣ್ಣು ಮುಚ್ಚಿದೆ. ಏನೂ ಇಲ್ಲ. ತಂದೆ ಕಚ್ಚಿದರು. ಏನೂ ಇಲ್ಲ. ಶರಣು ಎರಡೇ ಬಾಯಿಗೆ ಮುಗಿಸಿ, "ಬೆಸ್ಟ್ ಅದ ಮಾವ..." ಎಂದವನು, ಇನ್ನೂ ಮಾವ ಆಗಿಲ್ಲವೆಂದು ನೆನಪಾಗಿ, "...ಸರ್" ಎಂದು ಜೋಡಿಸಿದ. ನಾನು ನನ್ನ ಪಾಲಿನದನ್ನು ಮನಸ್ಸಿನಲ್ಲೇ ಹರಕೆ ಹೊತ್ತು ಕಚ್ಚಿದೆ. ಹಲ್ಲು ನನಗೇ ಬರಲಿ ಎಂದು ಬೇಡಿದ್ದು ಅದೇ ಮೊದಲು. ಬರಲಿಲ್ಲ.

ಟಕ್ ಎಂದಿತು, ಮುತ್ಯಾನ ಬಾಯಲ್ಲಿ.

ಮುತ್ಯಾ ಕುಲ್ಫಿಯನ್ನು ಬಾಯಿಂದ ಹೊರತೆಗೆದು ನೋಡಿದರು. ಮುಖದ ಒಂದು ಗೆರೆಯೂ ಅಲುಗಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು, ಮೀಸೆ ಒರೆಸಿಕೊಳ್ಳುವವರಂತೆ ಬಾಯಿಗೆ ಹಿಡಿದು, ಕುಲ್ಫಿಯಲ್ಲಿ ಸಿಕ್ಕಿದ್ದನ್ನು ಅದರೊಳಗೆ ಇಳಿಸಿ, ಮಡಚಿ ಮುಷ್ಟಿಯಲ್ಲಿಟ್ಟುಕೊಂಡರು. ಆಮೇಲೆ ಕೋಣೆಯಲ್ಲಿದ್ದ ಒಬ್ಬೊಬ್ಬರ ಬಾಯಿಯನ್ನೂ ನಿಧಾನವಾಗಿ ನೋಡುತ್ತ ಬಂದು, ಅವ್ವನ ಸೆರಗಿನ ಮೇಲೆ ಕಣ್ಣು ನಿಲ್ಲಿಸಿದರು. ಉಳಿದ ಕುಲ್ಫಿಯನ್ನು ಅವರು ಪೂರಾ ತಿಂದು ಮುಗಿಸಿದರು. ಕಣ್ಣಾರೆ ನೋಡದಿದ್ದರೆ ನಾನೇ ನಂಬುತ್ತಿರಲಿಲ್ಲ.

"ನೀವೆಲ್ಲಾ ಜರಾ ಹೊರಗ ನಡೀರಿ" ಎಂದರು ಮುತ್ಯಾ. "ಹಿರೇರು ಹಿರೇರು ಒಂದ್ ಮಾತು ಆಡ್ತೀವಿ."

ನಾವೆಲ್ಲ ಅಂಗಳದ ಬೇವಿನ ಗಿಡದ ಕೆಳಗೆ ಬಂದು ನಿಂತೆವು. ಬಾಗಿಲು ಮುಚ್ಚಿತು. ಜೇವರ್ಗಿಯ ಬಿಸಿಲು ನೆರಳನ್ನೂ ಹುರಿಯುತ್ತಿತ್ತು. ಸುವರ್ಣಾ ನನ್ನ ಕಿವಿಯಲ್ಲಿ, "ಕೊಡೂದು ತಗೊಳ್ಳೂದು ಮಾತಾಡ್ತಾರೇನ್ರಿ?" ಎಂದು ಗಾಬರಿಯಾದಳು. ಹುಡುಗನ ತಾಯಿ ತಮ್ಮ ಗಂಡನಿಗೆ, "ಆಯಿಗೆ ಮನಸಿಲ್ಲ. ಮಾರಿ ಸೈತ ತೋರಿಸಲಿಲ್ಲ. ಮುತ್ಯಾ ಬಂದ ಕೂಡಲೆ ಹೊಂಟಬಿಡೂನು" ಎಂದದ್ದು ನಮಗೆ ಕೇಳಲೆಂದೇ ಆಡಿದಂತಿತ್ತು. ಶರಣು ಮತ್ತು ಭಾಗ್ಯಾ ಗೇಟಿನ ಹತ್ತಿರ, ಪರಿಚಯವಿಲ್ಲದವರ ನಾಟಕವನ್ನೂ ಮರೆತು, ಅಕ್ಕಪಕ್ಕ ನಿಂತಿದ್ದರು. ಒಳಗಿನಿಂದ ಸದ್ದೇ ಇಲ್ಲ. ಮಗಳ ಬದುಕು ಒಬ್ಬ ಮುದುಕನ ಕರವಸ್ತ್ರದಲ್ಲಿ ಗಂಟು ಬಿದ್ದಿದೆ, ನಾನು ಅದನ್ನು ಯಾರಿಗೂ ಹೇಳುವ ಹಾಗಿಲ್ಲ.

ಇದ್ದಕ್ಕಿದ್ದಂತೆ ಒಳಗೆ ನಗು ಕೇಳಿತು. ಮೊದಲು ಗಂಡಸಿನದು, ಆಮೇಲೆ ಅವ್ವನದು, ಆಮೇಲೆ ಎರಡೂ ಕೂಡಿ, ಕೆಮ್ಮು ಹತ್ತುವ ತನಕ. ಅಂಗಳದಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದೆವು.

ಒಳಗೆ ನಡೆದದ್ದನ್ನು ಅವ್ವ ನನಗೊಬ್ಬನಿಗೆ ಹೇಳಿದ್ದಾಳೆ. ಮುತ್ಯಾ ತಂಬಿಗೆಯ ನೀರಿನಲ್ಲಿ ಹಲ್ಲು ತೊಳೆದು, ಅವಳ ಮುಂದಿಟ್ಟು, ಬೆನ್ನು ತಿರುಗಿಸಿ ನಿಂತರಂತೆ. ಅವಳು ಹಾಕಿಕೊಂಡ ಮೇಲೆಯೇ ತಿರುಗಿ ಕೂತರು. ಅವ್ವ ಸಕ್ಕರೆ ಬೇನೆ, ಆಣೆ, ಕೆಮ್ಮು, ಎಲ್ಲವನ್ನೂ ಒಪ್ಪಿಸಿಬಿಟ್ಟಳು. "ನನ್ನ ತಪ್ಪಿಗೆ ಕೂಸಿನ ಸಂಬಂಧ ಮುರೀಬ್ಯಾಡ್ರಿ" ಎಂದಳು. ಮುತ್ಯಾ ತಮ್ಮ ಎರಡೂ ಸಾಲು ಹಲ್ಲನ್ನು ಹೊರತೆಗೆದು ಅಂಗೈಯಲ್ಲಿಟ್ಟು ತೋರಿಸಿದರಂತೆ. "ಇವು ಎರಡನೇ ಜೋಡಿ ತಂಗಿ. ಮೊದಲಿನವು ಗಾಣಗಾಪುರದ ಸಂಗಮದಾಗ ಮುಳುಗು ಹಾಕೂ ಮುಂದ ಭೀಮಾ ನದಿ ಒಯ್ದಳು. ಮನ್ಯಾಗ ಏನ್ ಹೇಳೀನಿ ಗೊತ್ತದೇನು? ದೇವರಿಗೆ ಅರ್ಪಿಸಿ ಬಂದೀನಿ ಅಂದೀನಿ. ನಮ್ಮ ಸೊಸಿ ಇವತ್ತಿಗೂ ಮಂದಿ ಮುಂದ ನನ್ನ ಭಕ್ತಿ ಹೊಗಳ್ತಾಳ." ನಗು ಎದ್ದದ್ದು ಆಗ.

ಬಾಗಿಲು ತೆರೆಯಿತು. ಅವ್ವ ಸೆರಗು ಹೆಗಲಿಗೆ ಸರಿಸಿ, ಮುಖ ತುಂಬ ನಕ್ಕುಕೊಂಡು ಹೊಸ್ತಿಲಿಗೆ ಬಂದಳು. ಹುಡುಗನ ತಾಯಿಯ ಗಲ್ಲ ಸವರಿ, ಓಣಿಗೆಲ್ಲ ಕೇಳುವಂತೆ ಹೇಳಿದಳು: "ಯವ್ವಾ, ಬಿಸಲಾಗ ಯಾಕ ನಿಂತೀ? ಒಳಗ ಬಾ. ಇಂಥಾ ಹಿರೇರು ಇರೂ ಮನಿಗೆ ನಮ್ಮ ಕೂಸಿನ್ನ ಕೊಡಲಾರ್ದ ಯಾರಿಗೆ ಕೊಡ್ಲಿ? ಹೂಂ ಅಂತೇನಿ. ಮತ್ತೊಮ್ಮಿ ಅನ್ನಲೇನು?"

"ಅನ್ರಿ ಆಯಿ" ಎಂದರು ಆ ತಾಯಿ. ಅಳುತ್ತಿದ್ದರು, ನಗುತ್ತಿದ್ದರು.

ಹೋಳಿಗೆ ಊಟವಾಯಿತು. ಲೈಟ್ ಬಂತು. ಮದುವೆಯ ತಿಂಗಳು ಮಾತಾಯಿತು. ಹೊರಡುವಾಗ ಮುತ್ಯಾ ಕಾರಿನ ಬಾಗಿಲು ಹಿಡಿದು ನಿಂತು, ಸುವರ್ಣಾಳ ಕಡೆ ತಿರುಗಿ ಗಂಭೀರವಾಗಿ ಹೇಳಿದರು: "ತಂಗಿ, ಕುಲ್ಫಿ ಭಾಳ ಛಲೋ ಇತ್ತು. ಗೋಡಂಬಿ ಮಾತ್ರ ಜರಾ ದೊಡ್ಡವಾಗಿದ್ದವು."

ಕಾರು ಓಣಿ ದಾಟಿತು. ಸುವರ್ಣಾ ಹುಬ್ಬು ಗಂಟಿಕ್ಕಿ ಅಲ್ಲೇ ನಿಂತಿದ್ದಳು.

"ಮನ್ಯಾಗ ಗೋಡಂಬಿನೇ ಇದ್ದಿಲ್ಲ. ನೀವೇನರ ಹಾಕಿದ್ರೇನು?"

ನಾನು ಆಕಾಶ ನೋಡಿದೆ. ಅವ್ವ ಮೆಟ್ಟಿಲ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದಳು. ತಲೆಯೆತ್ತದೆ, ಬಹಳ ಶಾಂತವಾಗಿ ಅಂದಳು: "ಬಿಡವ್ವಾ ಸುವರ್ಣಾ. ವಯಸ್ಸಾದವರ ಬಾಯಾಗ ಏನೇನೋ ಸಿಗ್ತಾವ."